ತಂಪು ಹೋದುದೆಲ್ಲಿಗೆ?

ಓಡುವ ಗಾಡಿ ನಿಂತುಬಿಟ್ಟರೆ ಅದು ಕೆಟ್ಟಿದೆಯೆಂದು ಯಾರಾದರೂ ಒಪ್ಪುವರು. ಗಾಡಿ ಚೆನ್ನಾಗಿ ಓಡುತ್ತಲೇ ಇದ್ದು ಅದರೊಳಗಿನ ತಂಪು ಮಾತ್ರ ಕಡಿಮೆಯಾದರೆ ಒಪ್ಪಿಸುವುದು ಕಷ್ಟ. ಅದರಲ್ಲಿಯೂ ಅದು ಕಾರಾಗಿರದೆ ಹುಲ್ಲು, ಭತ್ತ, ಬಾಳೆಗೊನೆ ಹೊರುವ ಪಿಕಪ್ ಗಾಡಿಯಾದರೆ, “ಲೋಡು ಹೊಡೆಯೋ ಗಾಡಿಗೆ ಏಸಿ ಬೇರೆ ಕೇಡು!” ಎಂದು ನಗುವವರೇ ಹೆಚ್ಚು. ಆ ನಗೆಗೆ ಉತ್ತರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನದಿಂದ ಅಂದುಕೊಂಡಿದ್ದೆ.

ಶಂಕರಘಟ್ಟವೆಂದರೆ ಹೊರಗಿನವರಿಗೆ ಜ್ಞಾನಸಹ್ಯಾದ್ರಿ; 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ನೆಲೆ. ನಮ್ಮ ಮನೆಯವರಿಗೆ ಅದು ಬಾಡಿಗೆ ಹುಟ್ಟುವ ಊರು. ಅಪ್ಪ ಅಲ್ಲಿಂದ ಭದ್ರಾವತಿಗೂ ಶಿವಮೊಗ್ಗದ ಎ.ಪಿ.ಎಂ.ಸಿ. ಮಾರುಕಟ್ಟೆಗೂ ಮಾಲು ಸಾಗಿಸುತ್ತಾರೆ. ಗಾಡಿ ಇನ್ನೊಬ್ಬರ ಕೈಯಿಂದ ಕೊಂಡದ್ದು. ಅದರಲ್ಲಿ ಏಸಿ ಇದ್ದುದು ಅಪ್ಪ ಬಯಸಿದ್ದಲ್ಲ, ಗಾಡಿಯೊಡನೆ ಬಂದದ್ದು. ಆದರೆ ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಿಸಿಲಿಗೆ ತಲೆಸುತ್ತಿ, ಅವರು ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಸ್ಟೇರಿಂಗಿಗೆ ತಲೆಯಿಟ್ಟು ಕುಳಿತಿದ್ದರಂತೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು. ಅಂದಿನಿಂದ ನಮ್ಮ ಮನೆಯಲ್ಲಿ ಏಸಿ ಎಂಬುದು ಷೋಕಿಯ ಪಟ್ಟಿಯಿಂದ ಔಷಧದ ಪಟ್ಟಿಗೆ ಬಂದಿತು. ಈ ವರ್ಷ ಬಿಸಿಲೇರುವ ಹೊತ್ತಿಗೆ ಸರಿಯಾಗಿ ಅದರ ತಂಪೇ ಸೊರಗಿತು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ಟನ್ನು ಎತ್ತದೆಯೇ ತೀರ್ಪು ಬಂದಿತು: “ಗ್ಯಾಸ್ ಖಾಲಿ. ತುಂಬಿಸಬೇಕು. ಎರಡು ಸಾವಿರ ಆಗ್ತದೆ.” ಎರಡು ಸಾವಿರವೆಂದರೆ ನಮಗೆ ಕೆಲವು ದಿನಗಳ ದುಡಿಮೆಯ ಉಳಿತಾಯ. ಅಪ್ಪ ಗಾಡಿಯನ್ನು ಮನೆಗೆ ತಂದು, ಅದರೊಡನೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನನ್ನ ಮುಂದೆ ಹಾಕಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಬಿ.ಎ. ಓದುವವನಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇರಲಾರದೆಂಬುದು ಅಪ್ಪನ ನಂಬಿಕೆ. ಇತಿಹಾಸದ ಪಠ್ಯದಲ್ಲಿ ಕಂಪ್ರೆಸರಿನ ಪಾಠವಿಲ್ಲವೆಂದರೆ, “ಮತ್ತೆ ಮೂರು ವರ್ಷ ಏನು ಓದಿದೆಯೋ?” ಎಂದು ಕೇಳದೆ ಬಿಡುವವರಲ್ಲ. ಆದುದರಿಂದ ನಾನು ಸುಮ್ಮನೆ ಪುಸ್ತಕ ಬಿಚ್ಚಿದೆ.

ಓದುತ್ತ ಹೋದಂತೆ ನನಗೆ ಒಂದು ಸಂಗತಿ ಹೊಳೆಯಿತು. ಏಸಿ ತಂಪನ್ನು ಹುಟ್ಟಿಸುವ ಯಂತ್ರವಲ್ಲ. ಬಿಸಿಯನ್ನು ಹೊತ್ತು ಹಾಕುವ ಯಂತ್ರ. ಅದೂ ಒಂದು ಬಾಡಿಗೆ ಗಾಡಿಯೇ! ಡ್ಯಾಷ್‌ಬೋರ್ಡಿನ ಹಿಂದಿನ ಸುರುಳಿಯಲ್ಲಿ ದ್ರವವು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೇರಿಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ಆರುತ್ತ ತಂಪಾಗುವಂತೆಯೇ ಇದು. ಈಗಿನ ಅನೇಕ ಗಾಡಿಗಳಲ್ಲಿರುವ ಆರ್-134ಎ ಎಂಬ ದ್ರವ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದು. ಎಂಜಿನ್ ತಿರುಗಿಸುವ ಕಂಪ್ರೆಸರು ಆ ಆವಿಯನ್ನು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಎಂಬ ಜಾಲರಿಗೆ ಕಳುಹಿಸುತ್ತದೆ. ಅಲ್ಲಿ ಬಿಸಿಯೆಲ್ಲ ಹೊರಗಾಳಿಗೆ ಇಳಿದು, ಆವಿ ಮರಳಿ ದ್ರವವಾಗಿ, ಮುಂದಿನ ಹೇರಿಗೆ ಹಿಂದಿರುಗುತ್ತದೆ. ಹೀಗೆ ಸುತ್ತುವ ಗ್ಯಾಸು ಡೀಸೆಲ್ಲಿನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು. ಸೋರುವ ಕಡೆಯನ್ನು ಮುಚ್ಚದೆ ತುಂಬುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಇನ್ನು ವಿಚಾರಣೆ. ಇತಿಹಾಸದ ತರಗತಿಯಲ್ಲಿ ನಾವು ಕಲಿತದ್ದು ಎರಡೇ ಪ್ರಶ್ನೆ: ಯಾವಾಗ ನಡೆಯಿತು, ಸಾಕ್ಷಿ ಯಾವುದು? ಅವೇ ಪ್ರಶ್ನೆಗಳನ್ನು ಗಾಡಿಗೆ ಕೇಳಿದೆವು. ಗಾಳಿಯೇ ಕಡಿಮೆ ಬರುತ್ತಿದೆಯೋ, ಗಾಳಿ ಬಂದರೂ ತಂಪಿಲ್ಲವೋ? ಇವೆರಡೂ ಬೇರೆ ಬೇರೆ ರೋಗ. ಗಾಳಿ ಕಡಿಮೆಯಾದರೆ ಫಿಲ್ಟರ್ ಕಟ್ಟಿರಬಹುದು, ಬ್ಲೋವರ್ ಸೋತಿರಬಹುದು. ನಾವು ಫಿಲ್ಟರನ್ನು ತೆಗೆದು ಧೂಳು ಕೊಡವಿ ಹಾಕಿದೆವು. ಗಾಳಿ ಮೊದಲೇ ಚೆನ್ನಾಗಿತ್ತು, ತಂಪು ಮಾತ್ರ ಹೆಚ್ಚಲಿಲ್ಲ. ಗುಂಡಿ ಒತ್ತಿದಾಗ ಕಂಪ್ರೆಸರಿನ ಕ್ಲಚ್ಚು ‘ಟಕ್’ ಎಂದು ಹಿಡಿಯುತ್ತಿತ್ತು. ಅದು ಕೆಲಸಕ್ಕೆ ಬರುತ್ತಿದೆಯೆಂದಾಯಿತು. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಸೋರುವ ಕಡೆ ಹೆಚ್ಚಾಗಿ ಜಿಡ್ಡಿನ ಕಲೆ ಉಳಿಯುತ್ತದೆ. ಬ್ಯಾಟರಿ ಹಿಡಿದು ಕೀಲುಕೀಲು ನೋಡಿದರೂ ಅಂಥ ಕಲೆ ಕಾಣಲಿಲ್ಲ.

“ಯಾವಾಗ ಬಿಸಿ ಅನ್ನಿಸ್ತದೆ ಅಪ್ಪಾ?” ಎಂದೆ.

“ಓಡ್ತಾ ಇದ್ರೆ ಅಡ್ಡಿಯಿಲ್ಲ ಕಣೋ. ಎ.ಪಿ.ಎಂ.ಸಿ. ಹತ್ರ ಸಾಲಲ್ಲಿ ನಿಂತ್ರೆ ಬೆಂದುಹೋಗ್ತೀನಿ.”

ಒಂದು ಥರ್ಮಾಮೀಟರನ್ನು ಗಾಳಿಯ ಕಿಂಡಿಗೆ ಸಿಕ್ಕಿಸಿ ನೋಡಿದೆವು. ರಸ್ತೆಯಲ್ಲಿ ಓಡುವಾಗ 13 ಡಿಗ್ರಿ. ನಿಂತು ಹತ್ತು ನಿಮಿಷವಾಗುವಷ್ಟರಲ್ಲಿ 23. ಸಾಕ್ಷಿ ಸಿಕ್ಕಿತು! ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ; ನಿಂತಾಗ ಫ್ಯಾನಿನ ಗಾಳಿಯೇ ಗತಿ. ಫ್ಯಾನು ತಿರುಗುತ್ತಿತ್ತು. ಹಾಗಾದರೆ ಗಾಳಿ ಹೋಗಲು ದಾರಿಯಿಲ್ಲ.

ಈ ಮಾತನ್ನು ಅಪ್ಪನಿಗೆ ತಿಳಿಸುವುದು ಹೇಗೆಂದು ಯೋಚಿಸುತ್ತಿದ್ದೆ. ಹೇರುವುದು, ಇಳಿಸುವುದು ಎಂದು ನಾನು ಎರಡು ಮಾತು ಆಡುವಷ್ಟರಲ್ಲಿ ಅವರೇ, “ಅಂದ್ರೆ ಲೋಡು ಇಳಿಸೋ ಜಾಗದಲ್ಲೇ ಜಾಮ್ ಆಗಿದೆ ಅನ್ನು!” ಎಂದರು. ಪುಸ್ತಕದ ಹತ್ತು ಪುಟ ಹೇಳದುದನ್ನು ಅವರ ಕಸುಬು ಒಂದು ಮಾತಿನಲ್ಲಿ ಹೇಳಿತು.

ಎಂಜಿನ್ ಆರಿದ ಮೇಲೆ ಮುಂದಿನ ಜಾಲರಿಯನ್ನು ಬಿಚ್ಚಿ ನೋಡಿದೆವು. ಭದ್ರಾ ಕಾಲುವೆಯ ಬಯಲಿನಲ್ಲಿ ಸುಗ್ಗಿಯ ಹುಲ್ಲು ಹೇರಿದ ಗಾಡಿಯಲ್ಲವೆ! ಹೊಟ್ಟು, ಹುಲ್ಲಿನ ಚೂರು, ಹುಳುಗಳ ರೆಕ್ಕೆ, ಕೆಂಪು ಧೂಳು ಎಲ್ಲ ಕೂಡಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಂಬಳಿಯಂತೆ ಕುಳಿತಿದ್ದವು. ಮೆತ್ತನೆಯ ಬ್ರಷ್ಷು, ಸಣ್ಣ ಧಾರೆಯ ನೀರು, ಇಷ್ಟೇ ಸಲಕರಣೆ. ಜೋರು ಧಾರೆ ಹೊಡೆದರೆ ತೆಳುವಾದ ಅಲ್ಯೂಮಿನಿಯಂ ಹಲ್ಲುಗಳು ಬಾಗಿ ಇದ್ದ ದಾರಿಯೂ ಮುಚ್ಚುತ್ತದೆ. ಒಂದು ಗಂಟೆ ತೊಳೆದು ಒಣಗಿಸಿದ ಮೇಲೆ ನಿಂತ ಗಾಡಿಯಲ್ಲಿ ಥರ್ಮಾಮೀಟರು 14 ತೋರಿಸಿತು.

ಆದರೂ ಒತ್ತಡದ ಕೊಳವೆಗಳಿಗೆ ನಾವು ಕೈಹಚ್ಚಲಿಲ್ಲ. ಚಿಮ್ಮಿದ ದ್ರವ ಚರ್ಮವನ್ನು ಹೆಪ್ಪುಗಟ್ಟಿಸಬಲ್ಲುದು, ಕಣ್ಣನ್ನೂ ಕಳೆಯಬಲ್ಲುದು. ಭದ್ರಾವತಿಯಲ್ಲಿ ವಯಸ್ಸಾದ ಮೆಕ್ಯಾನಿಕರೊಬ್ಬರ ಬಳಿ ಗೇಜು ಹಾಕಿಸಿದೆವು. “ಗ್ಯಾಸು ಸರಿಯಾಗಿದೆ. ಇದರ ಮೇಲೆ ತುಂಬಿದ್ರೆ ಒತ್ತಡ ಏರಿ ಇದ್ದ ತಂಪೂ ಹೋಗ್ತಿತ್ತು” ಎಂದು ಹೇಳಿ, ನೂರು ರೂಪಾಯಿ ತೆಗೆದುಕೊಂಡರು.

ಈ ನೆಪದಿಂದ ಓದಿದ ಇತಿಹಾಸವೂ ಸ್ವಾರಸ್ಯವಾಗಿದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ತರುಣ ಎಂಜಿನಿಯರು ತನ್ನ ಹವಾನಿಯಂತ್ರಣ ಯಂತ್ರವನ್ನು ಯೋಜಿಸಿದುದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದಕ್ಕಾಗಿ! ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವು. ಕಾಗದದಿಂದ ಹೆಸರು ಪಡೆದ ಭದ್ರಾವತಿಯ ಸೀಮೆಯವರಾದ ನಮಗೆ ಇದು ರುಚಿಸಬೇಕಾದ ಕಥೆ. ಕಾಗದದ ತರುವಾಯ, 1940ರ ಹೊತ್ತಿಗೆ ಪ್ಯಾಕಾರ್ಡ್ ಎಂಬ ದುಬಾರಿ ಕಾರಿನಲ್ಲಿ ಕುಳಿತ ಸಿರಿವಂತರಿಗೆ ತಂಪು ದೊರೆಯಿತು. ಹಿಂದೆ ಗಾಡಿಗಳಲ್ಲಿ ಬಳಸುತ್ತಿದ್ದ ಆರ್-12 ಎಂಬ ಗ್ಯಾಸು ಓಜೋನ್ ಪದರವನ್ನು ತಿನ್ನುವುದೆಂದು ತಿಳಿದು, ನಮ್ಮ ವಿಶ್ವವಿದ್ಯಾನಿಲಯ ಹುಟ್ಟಿದ 1987ರಲ್ಲಿಯೇ ಮಾಂಟ್ರಿಯಲ್ ಒಪ್ಪಂದವಾಯಿತು. ಈಗಿನ ಆರ್-134ಎ ಓಜೋನನ್ನು ಕೆಡಿಸದಿದ್ದರೂ ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಆದಕಾರಣ ಸುಮ್ಮಸುಮ್ಮನೆ ಗ್ಯಾಸು ಬಿಟ್ಟು ತುಂಬುವುದು ಜೇಬಿಗಷ್ಟೇ ಅಲ್ಲ, ಊರಿಗೂ ನಷ್ಟ.

ಕಾಗದಕ್ಕೆ ಮೊದಲು, ಸಿರಿವಂತರಿಗೆ ಆಮೇಲೆ. ಗಾಡಿ ನಡೆಸಿ ದುಡಿಯುವವನಿಗೆ ಕಡೆಗೆ. ನಮ್ಮ ದೇಶದಲ್ಲಿ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಏಸಿ ಇರಬೇಕೆಂಬ ನಿಯಮವನ್ನು ಸರ್ಕಾರ ಪ್ರಕಟಿಸಿದುದು 2023ರ ಡಿಸೆಂಬರಿನಲ್ಲಿ. ಅದು 2025ರಿಂದ ತಯಾರಾಗುವ ಹೊಸ ಲಾರಿಗಳಿಗೆ. ಮೂರೂವರೆ ಟನ್ನಿನೊಳಗಿನ ಪಿಕಪ್ಪುಗಳು ಆ ಲೆಕ್ಕದಲ್ಲಿ ಬರುವುದಿಲ್ಲ. ಬಿಸಿಲೇನೋ ಟನ್ನು ನೋಡಿ ಸುಡುವುದಿಲ್ಲ!

ನಗುವವರಿಗೆ ನಾನು ಹೇಳುವುದಿಷ್ಟೆ. ಭದ್ರಾವತಿಯ ಸಂತೆಯಲ್ಲಿ ಬಾಡದ ಸೊಪ್ಪು ಬೇಕೆನ್ನುತ್ತೇವೆ; ಅದನ್ನು ತರುವವನು ಮಾತ್ರ ಬಾಡಿದರೆ ಚಿಂತೆಯಿಲ್ಲವೆ? ಅಪ್ಪ ಈಗ ಸಾಲಿನಲ್ಲಿ ನಿಂತಾಗ ಕಿಟಕಿ ಏರಿಸಿ ಕುಳಿತುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಮುಂದಿನ ಜಾಲರಿಯನ್ನು ತಾವೇ ತೊಳೆಯುತ್ತಾರೆ. ಅಕ್ಕಪಕ್ಕದ ಗಾಡಿಯವರು ಗ್ಯಾಸು ಹೋಯಿತೆಂದು ಬಂದರೆ, “ಓಡುವಾಗ ತಂಪೋ, ನಿಂತಾಗ ತಂಪೋ?” ಎಂದು ಮೊದಲು ಕೇಳುತ್ತಾರೆ.