ನೀಲಿ ಸರೋವರಕ್ಕೆ ಅರ್ಧ ಪ್ರದಕ್ಷಿಣೆ

ಅನ್ನ ಬೇಯಲಿಲ್ಲ. ಅಮೆರಿಕದ ಟಾಹೋ ಸರೋವರದ ದಂಡೆಯಲ್ಲಿ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ನಮಗೆ ಎದುರಾದ ಮೊದಲ ಸಮಸ್ಯೆ ಇದು. ಅಲ್ಲಿ ಕುಕ್ಕರ್ ಇರಲಿಲ್ಲ. ನನ್ನ ಹೆಂಡತಿ ಪಾತ್ರೆಯಲ್ಲಿ ಎಸರಿಟ್ಟು ಅಕ್ಕಿ ಹಾಕಿದಳು. ನೀರು ಕೊತಕೊತ ಕುದಿಯುತ್ತಿತ್ತು, ಅಗುಳಿನ ನಡುವೆ ಮಾತ್ರ ಗಟ್ಟಿ ಹಾಗೆಯೇ ಉಳಿಯಿತು. ‘ಇವರ ಒಲೆಯೇ ಸರಿ ಇಲ್ಲ’ ಎಂದಳು. ತಪ್ಪು ಒಲೆಯದಲ್ಲ. ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗಿ ನೀರಿನ ಕುದಿಬಿಂದು ಇಳಿಯುತ್ತದೆಂದು ಇಪ್ಪತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಇಲ್ಲಿ ನೀರು ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅಷ್ಟು ವರ್ಷ ಮಾಡಿದ ಪಾಠವನ್ನು ಆ ರಾತ್ರಿ ಅಗಿದು ತಿಂದದ್ದಾಯಿತು!

2024ರಲ್ಲಿ ಚುನಾವಣಾ ಕರ್ತವ್ಯ ಮುಗಿಸಿಕೊಂಡು ಬೇಸಿಗೆ ರಜೆಯಲ್ಲಿ ತಂಗಿಯ ಮಗನ ಮನೆಗೆ ಹೋಗಿದ್ದೆವು. ಅವನಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಉದ್ಯೋಗ. ಅಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ಪೂರ್ವಕ್ಕೆ ಹೋದರೆ ಸಿಯೆರಾ ನೆವಾಡ ಪರ್ವತಗಳ ನಡುವೆ ಟಾಹೋ ಸಿಗುತ್ತದೆ. ಸರೋವರದ ನೀರಿನ ಮಟ್ಟವೇ ಸಮುದ್ರಮಟ್ಟದಿಂದ 1,897 ಮೀಟರ್ ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಮುಳ್ಳಯ್ಯನಗಿರಿಯ ನೆತ್ತಿಯ ಮಟ್ಟದಲ್ಲಿ 35 ಕಿ.ಮೀ. ಉದ್ದ, 19 ಕಿ.ಮೀ. ಅಗಲದ ನೀರು ನಿಂತಿದೆಯೆಂದು ಊಹಿಸಿಕೊಳ್ಳಿ. ಅದರ ಅತಿ ಹೆಚ್ಚಿನ ಆಳ 501 ಮೀಟರ್. ಕನ್ನಂಬಾಡಿ ಕಟ್ಟೆಯನ್ನು ನೂರು ಸಲ ತುಂಬಿಸಿದರೂ ಇಲ್ಲಿನ ನೀರು ಮಿಗುತ್ತದೆ.

ಲಕ್ಷಾಂತರ ವರ್ಷಗಳ ಹಿಂದೆ ಭೂಮಿಯ ತೊಗಟೆ ಬಿರುಕುಬಿಟ್ಟು, ಎರಡು ಪರ್ವತಸಾಲುಗಳ ನಡುವಿನ ನೆಲ ಕುಸಿದದ್ದರಿಂದ ಹುಟ್ಟಿದ ಸರೋವರ ಇದು. ಈ ನೆಲದ ಮೂಲನಿವಾಸಿಗಳಾದ ವಾಶೋ ಜನರ ಭಾಷೆಯಲ್ಲಿ ಸರೋವರಕ್ಕೆ ಇದ್ದ ಪದವೇ ಟಾಹೋ ಎಂಬ ಹೆಸರಿನ ಮೂಲ. ಇದರ ಸುತ್ತಲೂ ಡಾಂಬರು ರಸ್ತೆಯಿದೆ. ಒಂದು ಸುತ್ತಿಗೆ 72 ಮೈಲಿ, ಅಂದರೆ ಸುಮಾರು 116 ಕಿ.ಮೀ. ದಿನವೂ ಶಾಲೆಗೆ ಸೈಕಲ್ ತುಳಿಯುವ ನನಗೆ ಆ ಲೆಕ್ಕ ಕೇಳಿದೊಡನೆ ಕಾಲು ತುರಿಸಿತು. ‘ಒಂದೇ ದಿನದಲ್ಲಿ ಆಗುವುದಿಲ್ಲ ಮಾವ, ಹಟ ಮಾಡಬೇಡಿ’ ಎಂದ ಅಳಿಯ. ನಾನು ಕೇಳಲಿಲ್ಲ.

ಬಲಗಡೆಗೆ ಸರೋವರ

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಆದ್ದರಿಂದ ನೀರಿನ ಮಗ್ಗುಲಲ್ಲೇ ಸಾಗಬೇಕಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಸರೋವರವನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಗುಡಿಯಲ್ಲಿ ನಾವು ಪ್ರದಕ್ಷಿಣೆ ಬರುವುದೂ ಹಾಗೆಯೇ ಅಲ್ಲವೇ! ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಇನ್ನೊಂದು ಅದಲುಬದಲು. ನನ್ನ ಸೈಕಲ್ಲಿನಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಅದರಲ್ಲಿ ಎಡಗೈಯದು ಮುಂದಿನ ಚಕ್ರಕ್ಕೆ. ಇಳಿಜಾರಿನಲ್ಲಿ ಇದನ್ನು ಮರೆತರೆ ಸವಾರ ಮುಂದಕ್ಕೆ ಹಾರುವುದು ಖಂಡಿತ. ಮನೆಯ ಮುಂದೆಯೇ ಅರ್ಧ ಗಂಟೆ ಅಭ್ಯಾಸ ಮಾಡಿಕೊಂಡೆ.

ಬೆಳಗಿನ ಆರೂವರೆಗೆ ದಕ್ಷಿಣ ತೀರದ ಊರಾದ ಸೌತ್ ಲೇಕ್ ಟಾಹೋದಿಂದ ಇಬ್ಬರೂ ಹೊರಟೆವು. ಮೇ ತಿಂಗಳ ಕೊನೆಯಾದರೂ ಬೆಟ್ಟಗಳ ನೆತ್ತಿಯಲ್ಲಿ ಹಿಮವಿತ್ತು, ಕೈಬೆರಳು ಮರಗಟ್ಟುವ ಚಳಿ. ಮೊದಲ ಕೆಲವು ಕಿಲೋಮೀಟರ್ ಪೈನ್ ಮರಗಳ ನಡುವೆ ಸೈಕಲ್ಲುಗಳಿಗೆಂದೇ ಮಾಡಿದ ಸಮತಟ್ಟಾದ ದಾರಿ. ಆಮೇಲೆ ಎಮರಾಲ್ಡ್ ಬೇ ಎಂಬ ಕೊಲ್ಲಿಯ ಕಡೆಗೆ ಹಾವಿನಂತೆ ತಿರುಗಿ ತಿರುಗಿ ಏರುವ ರಸ್ತೆ. ಸರೋವರದ ಮಟ್ಟದಿಂದ ನೂರೈವತ್ತು ಮೀಟರಿಗೂ ಹೆಚ್ಚು ಮೇಲಕ್ಕೆ ಹತ್ತಬೇಕು. ಗಾಳಿಯ ಒತ್ತಡ ಇಲ್ಲಿ ಸಮುದ್ರಮಟ್ಟದಲ್ಲಿರುವುದರ ಶೇ 80ರಷ್ಟು ಮಾತ್ರ. ರಾತ್ರಿ ಅನ್ನಕ್ಕೆ ಆದದ್ದು ಬೆಳಿಗ್ಗೆ ನನ್ನ ಶ್ವಾಸಕೋಶಕ್ಕೆ ಆಯಿತು!

ಅಳಿಯ ಗೇರ್ ಬದಲಿಸಲು ಹೇಳಿಕೊಟ್ಟ. ಏರಿನಲ್ಲಿ ಸಣ್ಣ ಗೇರ್ ಹಾಕಿದರೆ ಪೆಡಲನ್ನು ಹೆಚ್ಚು ಸಲ ತುಳಿಯಬೇಕು, ಆದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ಕಡಿಮೆ. ಹತ್ತಬೇಕಾದ ಎತ್ತರ ಅಷ್ಟೇ, ಆಗಬೇಕಾದ ಕೆಲಸವೂ ಅಷ್ಟೇ. ಗೇರ್ ಎಂಬುದು ಸಾಲ ಮನ್ನಾ ಮಾಡುವುದಿಲ್ಲ, ಕಂತು ಮಾಡಿಕೊಡುತ್ತದೆ. ಎರಡನೆಯ ತಿರುವಿನಲ್ಲಿ ನನಗೆ ಕಂತು ಕಟ್ಟಲೂ ಆಗದೆ ಸೈಕಲ್ ತಳ್ಳಿಕೊಂಡು ನಡೆದೆ. ನಾಚಿಕೆಯೇನೂ ಆಗಲಿಲ್ಲ.

ಏರಿ ಮುಗಿದ ಮೇಲೆ ರಸ್ತೆ ಒಂದು ಕಿರಿದಾದ ದಿಬ್ಬದ ಬೆನ್ನ ಮೇಲೆ ಸಾಗುತ್ತದೆ. ಎಡಗಡೆ ಕೆಳಗೆ ಕ್ಯಾಸ್ಕೇಡ್ ಎಂಬ ಪುಟ್ಟ ಸರೋವರ, ಬಲಗಡೆ ಟಾಹೋ. ತಡೆಗೋಡೆಯಿಲ್ಲ. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟವನ್ನು ಕೆರೆದು ಬದಿಗೆ ಒಟ್ಟಿದ ಕಲ್ಲುಮಣ್ಣಿನ ರಾಶಿಯೇ ಈ ದಿಬ್ಬ. ಬಲಕ್ಕೆ ನೋಡುತ್ತ ಮೈಮರೆತಿದ್ದೆ. ಆಗಲೇ ಮುಂದಿನ ಚಕ್ರ ಸರ್ರನೆ ಜಾರಿತು.

ಮರಳಿನ ಪಾಠ

ಪುಣ್ಯಕ್ಕೆ ರಸ್ತೆಯ ಕಡೆಗೇ ಬಿದ್ದೆ, ಹಿಂದೆ ವಾಹನವಿರಲಿಲ್ಲ. ಮೊಣಕೈ ತರಚಿತು. ಜಾರಿಸಿದ್ದು ರಸ್ತೆಯಂಚಿನಲ್ಲಿದ್ದ ಸಣ್ಣ ಮರಳು. ಚಳಿಗಾಲದಲ್ಲಿ ಮಂಜುಗಟ್ಟಿದ ರಸ್ತೆಯಲ್ಲಿ ಕಾರುಗಳು ಜಾರದಿರಲೆಂದು ಮರಳು ಚೆಲ್ಲುತ್ತಾರೆ. ಅದರ ಉಳಿಕೆಯೇ ಇದು. ‘ಈ ಮರಳೇ ಸರೋವರದ ಶತ್ರು ಮಾವ’ ಎಂದು ಅಳಿಯ ಗಾಯ ತೊಳೆಯುತ್ತ ಹೇಳಿದ. ನನಗೆ ಅರ್ಥವಾಗಲಿಲ್ಲ. ಅವನು ಹೇಳಿದ ಸಂಗತಿ ಪ್ರತಿ ವಿದ್ಯಾರ್ಥಿಯೂ ತಿಳಿಯಬೇಕಾದದ್ದು.

ಟಾಹೋ ತಿಳಿನೀರಿಗೆ ಹೆಸರಾದದ್ದು. ತಿಳಿಯನ್ನು ಅಳೆಯುವ ಉಪಕರಣವೋ ತೀರಾ ಸರಳ: ಹಗ್ಗಕ್ಕೆ ಕಟ್ಟಿದ ಒಂದು ಬಿಳಿ ತಟ್ಟೆ. ಅದನ್ನು ನೀರಿಗಿಳಿಸಿ, ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದಾಗುತ್ತದೆಂದು ಗುರುತು ಹಾಕಿಕೊಳ್ಳುವುದು. 1865ರಲ್ಲಿ ಇಟಲಿಯ ಪಾದ್ರಿ ಹಾಗೂ ಖಗೋಳಜ್ಞ ಏಂಜೆಲೋ ಸೆಕ್ಕಿ ಇದನ್ನು ಬಳಕೆಗೆ ತಂದರು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1968ರಿಂದ ಟಾಹೋದಲ್ಲಿ ಈ ತಟ್ಟೆ ಇಳಿಸುತ್ತ ಬಂದಿದ್ದಾರೆ. 1968ರಲ್ಲಿ ವರ್ಷದ ಸರಾಸರಿ ಸುಮಾರು 31 ಮೀಟರ್. 2023ರಲ್ಲಿ ಸುಮಾರು 21 ಮೀಟರ್. ಹತ್ತು ಮೀಟರಿನಷ್ಟು ತಿಳಿ ಕಳೆದುಹೋಗಿದೆ.

ಕಾರ್ಖಾನೆಗಳಿಲ್ಲದ ಕಡೆ ಇದು ಹೇಗಾಯಿತು? ಚರಂಡಿ ನೀರನ್ನಂತೂ ಸಂಸ್ಕರಿಸಿ, ಕೊಳವೆಗಳಲ್ಲಿ ಪಂಪು ಮಾಡಿ ಬೆಟ್ಟಗಳಾಚೆಗೆ ಸಾಗಿಸುವ ವ್ಯವಸ್ಥೆಯಾಗಿ ದಶಕಗಳೇ ಆಗಿವೆ. ಮುಖ್ಯ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳು. ರಸ್ತೆಯ ಮರಳನ್ನು ವಾಹನಗಳ ಚಕ್ರಗಳು ಹಿಟ್ಟಿನಂತೆ ಅರೆಯುತ್ತವೆ. ಹಿಮ ಕರಗಿದಾಗಲೂ ಮಳೆ ಬಂದಾಗಲೂ ಆ ಹಿಟ್ಟು ಸರೋವರ ಸೇರುತ್ತದೆ. ದೊಡ್ಡ ಮರಳಕಣ ತಳ ಸೇರಿಬಿಡುತ್ತದೆ. ಕೂದಲೆಳೆಯ ಕಾಲುಭಾಗದಷ್ಟೂ ದಪ್ಪವಿಲ್ಲದ ಕಣಗಳು ಬಹುಕಾಲ ತೇಲುತ್ತ ಬೆಳಕನ್ನು ಚದುರಿಸುತ್ತವೆ. ಪಾಚಿಯೂ ಸೇರಿಕೊಂಡರೆ ನೀಲಿ ಮಸುಕಾಗುತ್ತದೆ. ನೋಡಲು ಬರುವವರ ರಸ್ತೆಯೇ ನೋಡಬೇಕಾದದ್ದನ್ನು ಮಸುಕು ಮಾಡುತ್ತಿದೆ! ಹಾಗೆಂದು ಅಲ್ಲಿಯವರು ಸುಮ್ಮನೆ ಕುಳಿತಿಲ್ಲ. ಯಂತ್ರಗಳಿಂದ ರಸ್ತೆಯ ಧೂಳು ಹೀರುತ್ತಾರೆ, ಮಳೆನೀರು ನಿಂತು ಹೂಳು ತಂಗಲು ಹೊಂಡಗಳನ್ನು ತೋಡಿದ್ದಾರೆ, ಕಾರು ಬಿಟ್ಟು ಬರುವವರಿಗೆಂದು ಸೈಕಲ್ ದಾರಿಗಳನ್ನು ಬೆಳೆಸುತ್ತಿದ್ದಾರೆ.

ಯಾವ ದಾರಿ, ಯಾರಿಗೆ?

ಅಂದು ನಾನು 45 ಕಿ.ಮೀ. ತುಳಿದು, ಪಶ್ಚಿಮ ತೀರದುದ್ದಕ್ಕೂ ಸಾಗಿ, ಮಧ್ಯಾಹ್ನದ ಹೊತ್ತಿಗೆ ಟಾಹೋ ಸಿಟಿ ತಲುಪಿ ಸೋಲೊಪ್ಪಿಕೊಂಡೆ. ಅರವತ್ತಕ್ಕೂ ಹೆಚ್ಚು ಹೊಳೆ ತೊರೆಗಳು ಸೇರುವ ಈ ಸರೋವರದಿಂದ ಹೊರಬೀಳುವ ಒಂದೇ ನದಿ ಟ್ರಕೀ. ಅದು ಹೊರಡುವುದು ಈ ಊರಿನಲ್ಲೇ. ಸಮುದ್ರ ಸೇರದೆ ನೆವಾಡದ ಒಣನೆಲದ ಪಿರಮಿಡ್ ಸರೋವರದಲ್ಲಿ ಕೊನೆಯಾಗುತ್ತದೆ. ನದಿಯ ಗುಂಟ ಇರುವ ಸೈಕಲ್ ದಾರಿ ಇಳಿಜಾರಿನದು, ಸುಲಭ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಕಣಿವೆಯೂ ಆ ಕಡೆಗೇ ಇದೆ.

ಮಕ್ಕಳೊಂದಿಗೆ ಹೋಗುವವರಿಗೆ ಪೂರ್ವ ತೀರದಲ್ಲಿ ಇನ್ಕ್ಲೈನ್ ವಿಲೇಜಿನಿಂದ ಸ್ಯಾಂಡ್ ಹಾರ್ಬರ್‌ವರೆಗಿನ ಸುಮಾರು 5 ಕಿ.ಮೀ. ದಾರಿಯೇ ಉತ್ತಮ. 2019ರಲ್ಲಿ ತೆರೆದ ಈ ದಾರಿಗೆ ಕಾರುಗಳ ಕಾಟವಿಲ್ಲ. ಮರುದಿನ ನನ್ನ ಹೆಂಡತಿಯೂ ಅಲ್ಲಿ ಸೈಕಲ್ ತುಳಿದಳು. ಪೂರ್ತಿ ಸುತ್ತು ಹಾಕುವವರು ಆ ಬಳಿಕ ಸ್ಪೂನರ್ ಎಂಬ ಕಡೆಯ ದೀರ್ಘ ಏರನ್ನು ಹತ್ತಬೇಕು. ಅದಕ್ಕೆ ಮುಂಚಿತ ಅಭ್ಯಾಸ ಬೇಕು. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಬೆಳಿಗ್ಗೆ ಬೇಗ ಹೊರಟರೆ ವಾಹನ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದೊಳಗಿನ ಸವಾರರಿಗೆ ಹೆಲ್ಮೆಟ್ ಕಡ್ಡಾಯ. ಸೈಕಲ್ಲನ್ನು ದಾಟುವ ಕಾರು ಕನಿಷ್ಠ ಮೂರು ಅಡಿ ಅಂತರ ಬಿಡಬೇಕೆಂಬ ಕಾನೂನು 2014ರಿಂದ ಜಾರಿಯಲ್ಲಿದೆ. ನನ್ನನ್ನು ದಾಟಿದ ಕಾರುಗಳು ಅದಕ್ಕಿಂತ ಹೆಚ್ಚೇ ಬಿಟ್ಟವು. ನಮ್ಮ ಹೆದ್ದಾರಿಯಂಚಿನಲ್ಲಿ ಶಾಲೆಗೆ ಹೋಗುವ ಹುಡುಗಿಯರು ನನಗಾಗ ನೆನಪಾದರು.

ಊರಿಗೆ ಮರಳಿ ಶಾಲೆ ಶುರುವಾದ ಮೇಲೆ ಒಂಬತ್ತನೇ ತರಗತಿಯವರೊಡನೆ ಒಂದು ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿದು, ಕಲ್ಲು ಕಟ್ಟಿ, ಊರ ಕೆರೆಯ ತೂಬಿನ ಕಟ್ಟೆಯಿಂದ ಇಳಿಸಿದೆವು. ಎರಡು ಗೇಣಿಗೇ ಮರೆಯಾಯಿತು. ಮಕ್ಕಳು ನಕ್ಕರು. ‘ಸಾರ್, ಮಳೆ ನಿಂತ ಮೇಲೆ ಮತ್ತೆ ನೋಡೋಣ’ ಎಂದಳು ಒಬ್ಬಳು. ದಿನಾಂಕ ಹಾಕಿ ಬರೆದಿಟ್ಟೆವು. ಈಗ ತಿಂಗಳ ಮೊದಲ ಶನಿವಾರ, ಬೆಳಗಿನ ತರಗತಿ ಮುಗಿಸಿ, ಮಕ್ಕಳು ಸೈಕಲ್ಲಿನಲ್ಲಿ ನನ್ನೊಡನೆ ಕೆರೆಗೆ ಬರುತ್ತಾರೆ. ತಟ್ಟೆ ಪ್ರಯೋಗಶಾಲೆಯ ಬೀರುವಿನಲ್ಲಿದೆ, ನೋಟ್ ಪುಸ್ತಕ ಮಕ್ಕಳ ಬಳಿಯೇ ಇದೆ.