ಜಾಮೀನು ಇಲ್ಲದವನ ಪುಸ್ತಕ

ಕಾಪು ಬಳಿಯ ನಮ್ಮ ಹೆಂಚಿನ ಮಾಡಿನ ವಾಚನಾಲಯ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಅಲ್ಲಿ ಅಂಥದ್ದೇನಿತ್ತು ಅಂತ ಮೊನ್ನೆ ಮೊಮ್ಮಗಳು ಕೇಳಿದಳು. ಮೈದಾ ಅಂಟಿನ ವಾಸನೆ ಇತ್ತು ಮಗಾ, ಅಂದೆ. ಆಟಿಯ ಮಳೆಗೆ ಬೆನ್ನು ಬಿಟ್ಟ ಕಾದಂಬರಿಗಳಿಗೆಲ್ಲ ನಮ್ಮ ಲೈಬ್ರರಿ ಮಾಷ್ಟ್ರು ಮೈದಾ ಕುದಿಸಿ, ಹುಳ ಬೀಳದಂತೆ ಚೂರು ಮೈಲುತುತ್ತು ಸೇರಿಸಿ, ಕಡ್ಡಿಯಲ್ಲಿ ಹಚ್ಚುತ್ತ ಕೂರುತ್ತಿದ್ದರು.

ಅಲ್ಲಿಗೆ ಹೋಗುತ್ತಿದ್ದ ಮಕ್ಕಳೆಲ್ಲ ಕನ್ನಡಕ್ಕೆ ಹೊಸಬರೇ. ನಮ್ಮ ಮನೆಯಲ್ಲಿ ತುಳು, ಎದುರಿನ ಅಂಗಡಿಯವರದು ಕೊಂಕಣಿ, ಬೆಂಚಿನ ಗೆಳೆಯನದು ಬ್ಯಾರಿ. ಮಾಷ್ಟ್ರು ಮೂರರಲ್ಲೂ ಗದರುತ್ತಿದ್ದರು; ಪುಸ್ತಕ ಮಾತ್ರ ಕನ್ನಡದ್ದು. ನಾನು ಓದಿ ತುಳುವಿನಲ್ಲಿ ಹೇಳಿದರೆ ಅಮ್ಮ ಬೀಡಿ ಕಟ್ಟುತ್ತ ಕೇಳುತ್ತಿದ್ದರು. ಬೀಡಿ ಕಟ್ಟುವ ಹೆಂಗಸರೊಬ್ಬರಾದರೂ ಆ ಹೊಸ್ತಿಲು ದಾಟಿದ್ದು ನಾನು ಕಂಡಿಲ್ಲ. ಆ ಕಾಲ ಬಂಗಾರದ್ದು ಅಂತ ಸುಳ್ಳು ಹೇಳಲಾರೆ.

ಒಂದು ಸಂಜೆ ಬಾಗಲಕೋಟೆ ಕಡೆಯ ಕೆಲಸದಾಳೊಬ್ಬ ಬಂದ. ಊರಿನವರೊಬ್ಬರ ಜಾಮೀನು ಸಹಿ ಬೇಕು ಅಂದರು ಮಾಷ್ಟ್ರು.

"ಈ ಊರಾಗ ನನ್ನ ಯಾರ್ ಬಲ್ಲರ್ರೀ? ಒಂದ ಪುಸ್ತಕ ಕೊಡ್ರಿ, ಶನಿವಾರ ತರ್ತೀನಿ."

"ನೀನು ತಾರದಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಮಾರಾಯ."

"ಹಂಗಾರ ಹರಿದಿದ್ದು ಕೊಡ್ರಿ."

ಮಾಷ್ಟ್ರು ನಕ್ಕುಬಿಟ್ಟರು. ತನ್ನ ಹೆಸರಿಗೇ ಬರೆದುಕೊಂಡು, ಹೊಸದಾಗಿ ಬಂದದ್ದನ್ನೇ ಕೊಟ್ಟರು.

ಈಗ ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನವರು. ಉಡುಪಿಯಿಂದ ಕಾರ್ಕಳದವರೆಗೆ ಸೆಂಟ್ರಿಂಗ್ ಕೆಲಸಕ್ಕೆ ಬಂಗಾಳ, ಬಿಹಾರದವರು. ಮಣಿಪಾಲದಲ್ಲಿ ಓದುವವರಿಗೆ ಹವಾನಿಯಂತ್ರಿತ ಲೈಬ್ರರಿ ಇದೆ. ಅವರ ಹಾಸ್ಟೆಲ್ ಕಟ್ಟುವವನಿಗೆ? ಆಧಾರಿನಲ್ಲಿ ಇಲ್ಲಿಯ ವಿಳಾಸ ಇಲ್ಲ ಅಂತ ಅಂಥವನೊಬ್ಬನನ್ನು ಕೌಂಟರಿನಿಂದ ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೇನೆ. 1965ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ವಸೂಲಾಗುತ್ತದೆ, ಈಗ ಶೇ. 6. ಒಂದೇ ಕೋಣೆಯಲ್ಲಿ ಎಂಟು ಜನರನ್ನು ತುಂಬಿ ಬಾಡಿಗೆ ಎಣಿಸುವ ಧಣಿ ಅದನ್ನು ಯಾರ ಜೇಬಿನಿಂದ ಕಟ್ಟುತ್ತಾನೆ? ಹತ್ತಾರು ಭಾಷೆ ಬಲ್ಲ ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಸಂಗ್ರಹವನ್ನು ಎಂ.ಜಿ.ಎಂ. ಕಾಲೇಜಿನಲ್ಲಿ ಜೋಪಾನ ಮಾಡಿದ ಊರು ಬೇರೆ ನಮ್ಮದು!

2019ರಿಂದ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಪಂಚಾಯತ್‌ರಾಜ್ ಇಲಾಖೆಯ ಕೈಯಲ್ಲಿವೆ, ಅಂದರೆ ನಿಮ್ಮ ಕೈಗೆಟುಕುವಷ್ಟು ಹತ್ತಿರ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಒಂದು ಹಿಂದಿ ಪತ್ರಿಕೆ, ಒಂದಿಷ್ಟು ಒಡಿಯಾ, ಬಂಗಾಳಿ ಪುಸ್ತಕ, ಅವರ ಮಕ್ಕಳಿಗೆ ಚಿತ್ರವಿರುವ ಕನ್ನಡದ ಕಾಗುಣಿತ. ಕೆಲಸ ಬಿಟ್ಟು ಬರುವವರಿಗಾಗಿ ರಾತ್ರಿ ಎಂಟರವರೆಗೆ ಬಾಗಿಲು ತೆರೆದಿರಲಿ. ಜಾಮೀನು ಬೇಕೆಂದರೆ ನೀವೇ ಸಹಿ ಹಾಕಿ.