ನಿಂತೇ ಬತ್ತೀನಿ ಬುದ್ಧಿ

ಬೆಳಗಿನ ಏಳು ಗಂಟೆಗೆ ಕಿರಂಗೂರಿನ ರಸ್ತೆ ಬದಿಯಲ್ಲಿ ನಿಂತಿರುವವರು ನಾವು. ನಾವೆಂದರೆ ಕೇರಿಯವರು. ಮೈಸೂರಿನ ಮಹಡಿ ಮನೆಗಳಲ್ಲಿ ಮುಸುರೆ ತಿಕ್ಕುವ ಹೆಂಗಸರು, ಗಾರೆ ಕೆಲಸದ ಗಂಡಸರು, ಗಾರ್ಮೆಂಟಿನ ಹುಡುಗಿಯರು, ಕಾಲೇಜಿನ ಮಕ್ಕಳು, ದೊಡ್ಡಾಸ್ಪತ್ರೆಯ ಚೀಟಿ ಹಿಡಿದ ಮುದುಕರು. ಬುತ್ತಿ ಚೀಲ, ಬಾಂಡ್ಲಿ, ಪುಸ್ತಕದ ಬ್ಯಾಗು ಇವೇ ನಮ್ಮ ಗುರುತು. ಬಸ್ಸು ದೂರದಿಂದಲೇ ಕಾಣುತ್ತದೆ. ಕೈ ಎತ್ತುತ್ತೇವೆ. ಡ್ರೈವರು ನಮ್ಮನ್ನು ನೋಡುತ್ತಾನೆ, ಸ್ಟೇರಿಂಗು ಒಂದಿಷ್ಟು ಬಲಕ್ಕೆಳೆದು ಹೋಗಿಬಿಡುತ್ತಾನೆ. ಕೆಲವು ಸಲ ನೂರು ಗಜ ಮುಂದೆ ನಿಲ್ಲಿಸುತ್ತಾನೆ. ಆಗ ಓಡುತ್ತೇವೆ. ಕಾಲಿದ್ದವರು ಹತ್ತುತ್ತಾರೆ, ಮಂಡಿನೋವಿನವರು ಉಳಿಯುತ್ತಾರೆ.

ಒಂದು ಬಸ್ಸು ಹೋದರೆ ಏನು ಹೋಯಿತು ಅಂತ ಕೇಳಬಹುದು. ಮೇಸ್ತ್ರಿ ಎಂಟೂವರೆಗೆ ಆಳು ಎಣಿಸುತ್ತಾನೆ. ತಡವಾದವನಿಗೆ ಅವತ್ತು ಕೂಲಿ ಇಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಯೋ ಹೊತ್ತು ಮುಗಿದರೆ ಮುದುಕ ಮತ್ತೆ ನಾಳೆ ಬರಬೇಕು. ಹುಡುಗಿಗೆ ಹಾಜರಿ ಕಮ್ಮಿಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಕಾರಿದ್ದವನಿಗೆ ಹತ್ತು ನಿಮಿಷ ಹತ್ತೇ ನಿಮಿಷ. ನಮಗೆ ಅದು ಒಂದು ದಿನ.

ಆದರೆ ಇದು ಬರೀ ಬಸ್ಸಿನ ಗೋಳಲ್ಲ. ಯಾಕೆ ಅಲ್ಲ ಅನ್ನೋದನ್ನು ಹೇಳಬೇಕಾದರೆ ನಮ್ಮ ತಾತನಿಂದ ಶುರುಮಾಡಬೇಕು.

ನಮ್ಮ ತಾತ ಗಾಡಿಯ ಹಿಂದೆ ನಡೆದವನು. ಊರವರ ಗಾಡಿ ಕೆಸರಿಗೆ ಸಿಕ್ಕಾಗ ಹೆಗಲು ಕೊಟ್ಟಿದ್ದಾನೆ, ಮೂಕಿ ಎತ್ತಿದ್ದಾನೆ, ಅಚ್ಚಿಗೆ ಎಣ್ಣೆ ಬಿಟ್ಟಿದ್ದಾನೆ. ಆ ಗಾಡಿಯ ಮೇಲೆ ಒಂದು ದಿನವೂ ಕೂತವನಲ್ಲ. ಮುಟ್ಟಿ ದಬ್ಬುವುದಕ್ಕೆ ಮೈಲಿಗೆ ಇರಲಿಲ್ಲ, ಕೂತುಕೊಳ್ಳೋದಕ್ಕೆ ಇತ್ತು. ಬಾಬಾಸಾಹೇಬರಿಗೂ ಗಾಡಿಯಿಂದಲೇ ಇದರ ಪಾಠವಾದದ್ದು. 1901ರಲ್ಲಿ, ಅವರಿನ್ನೂ ಹುಡುಗ, ಅಪ್ಪನನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿ ಹೊಡೆಯಬೇಕಾದವರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬಂದ. ದುಡ್ಡಿಗೆ ಮೈಲಿಗೆ ಇರಲಿಲ್ಲ, ಮಕ್ಕಳ ಜೊತೆ ಕೂತುಕೊಳ್ಳೋದಕ್ಕೆ ಇತ್ತು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. ಪುಸ್ತಕದಲ್ಲಿ ಇದು ಎರಡು ಸಾಲಿನ ಮಾತು. ನಮ್ಮ ಮನೆಯಲ್ಲಿ ಇದರದ್ದೊಂದು ಕತೆಯೇ ಇದೆ.

ತಾತ ಮೊದಲ ಸಲ ಬಸ್ಸು ಹತ್ತಿ ಮೈಸೂರಿಗೆ ಹೊರಟನಂತೆ. ಸೀಟು ಖಾಲಿ ಇತ್ತು. ತಾತ ಕಂಬಿ ಹಿಡಿದು ನಿಂತೇ ಇದ್ದ. ಕಂಡಕ್ಟರು, "ಕೂತ್ಕೊ ಯಜಮಾನ" ಅಂದ. "ಬ್ಯಾಡ, ನಿಂತೇ ಬತ್ತೀನಿ ಬುದ್ಧಿ" ಅಂದ ತಾತ. ಅದಕ್ಕೆ ಆ ಕಂಡಕ್ಟರು, "ನಾನು ಬುದ್ಧಿ ಅಲ್ಲ, ಕಂಡಕ್ಟ್ರು. ಟಿಕೇಟ್ ತಗೊಂಡಿದ್ದೀಯಲ್ಲ, ಕೂತ್ಕೊ" ಅಂದನಂತೆ. ತಾತ ಸೀಟಿನ ತುದಿಯಲ್ಲಿ ಕೂತ. ಪಶ್ಚಿಮವಾಹಿನಿ ದಾಟೋ ಹೊತ್ತಿಗೆ ಬೆನ್ನು ಹಿಂದಕ್ಕೆ ಒರಗಿಸಿದ. ಮನೆಯಲ್ಲಿ ಕುರ್ಚಿ ಇರಲಿಲ್ಲ. ಊರೊಳಗೆ ಯಾರೂ ಕೂತ್ಕೊ ಅಂದಿರಲಿಲ್ಲ. ಆ ಟಿಕೇಟನ್ನು ರುಮಾಲಿನ ಮಡಿಕೆಯಲ್ಲಿಟ್ಟು ಅದು ಪುಡಿಯಾಗುವವರೆಗೂ ಇಟ್ಟುಕೊಂಡಿದ್ದ.

ಬಸ್ಸು ಜಾತಿ ಅಳಿಸಿತು ಅಂತ ನಾವು ಹೇಳುತ್ತಿಲ್ಲ. ಪಕ್ಕದಲ್ಲಿ ಕೂತರೆ ಎದ್ದುಹೋದವರನ್ನು ಕಂಡಿದ್ದೇವೆ. "ಯಾವೂರು? ಯಾರ ಪೈಕಿ?" ಅಂತ ಕೇಳಿ ಮುದುಡಿಕೊಂಡವರನ್ನು ಕಂಡಿದ್ದೇವೆ. ಆದರೂ ಬಸ್ಸು ಹೊರಡುತ್ತಿತ್ತು. ಎದ್ದವನು ನಿಲ್ಲಬೇಕಾಗಿತ್ತು, ನಾವು ಕೂತಿರುತ್ತಿದ್ದೆವು. ಆ ಪಾಸಿನ ಮೇಲೆಯೇ ನಮ್ಮ ಹುಡುಗರು ಶ್ರೀರಂಗಪಟ್ಟಣದಲ್ಲಿ, ಮೈಸೂರಿನಲ್ಲಿ ಓದಿದರು. ಕೇರಿಯಲ್ಲಿ ಮೊದಲು ಖಾಕಿ ಬಟ್ಟೆ ಹಾಕಿದವನು ಪೊಲೀಸನಲ್ಲ, ಕಂಡಕ್ಟರು. ಅವನು ಸಂಜೆ ಚರ್ಮದ ಚೀಲ ತೂಗುಹಾಕಿಕೊಂಡು ಬಂದರೆ ನಾವು ಹಿಂದೆಯೇ ಓಡುತ್ತಿದ್ದೆವು.

ಈಗಿನ ಮಾತಿಗೆ ಬರೋಣ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ನಡುವೆ ಆರು ಪಥ, ಪಕ್ಕಕ್ಕೆ ನಾಲ್ಕು ಪಥದ ಸರ್ವೀಸ್ ರಸ್ತೆ, ಉದ್ದ 119 ಕಿಲೋಮೀಟರು. ಶ್ರೀರಂಗಪಟ್ಟಣಕ್ಕೆ ಬೈಪಾಸು ಆಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರು ನಡುವಿನ ಪಥಕ್ಕೆ ಬರಕೂಡದು ಅಂತ ಆಯಿತು. ಅಪಘಾತ ತಪ್ಪಿಸಲು ಮಾಡಿದ್ದು, ಸರಿ. ಆದರೆ ಬೈಕು, ಆಟೋ, ಟ್ರಾಕ್ಟರು ಬಿಟ್ಟರೆ ನಮ್ಮ ಹತ್ತಿರ ಇನ್ನೇನಿದೆ? ನಮಗೆ ಉಳಿದದ್ದು ಪಕ್ಕದ ರಸ್ತೆ, ಮತ್ತು ಅದರಲ್ಲಿ ಬರುವ ಬಸ್ಸು. ಅದು ನಿಲ್ಲುವುದಿಲ್ಲ. ನಿಲ್ಲಿಸದೆ ಓಡುವ ಬಸ್ಸು ಬೈಪಾಸಿನಲ್ಲಿ ಹೋದರೆ ನಮ್ಮ ಊರು ಅದಕ್ಕೆ ಕಾಣುವುದೂ ಇಲ್ಲ.

ವರ್ಷಕ್ಕೊಂದು ದಿನ ಮಾತ್ರ ಕಿರಂಗೂರು ಎಲ್ಲರಿಗೂ ಕಾಣುತ್ತದೆ. ಶ್ರೀರಂಗಪಟ್ಟಣದ ದಸರಾ ಹೊರಡೋದು ನಮ್ಮೂರಿನ ಬನ್ನಿಮಂಟಪದಿಂದ. 1610ರಲ್ಲಿ ರಾಜ ಒಡೆಯರು ಶುರುಮಾಡಿದ ಹಬ್ಬ ಅಂತ ಭಾಷಣವಾಗುತ್ತದೆ. ಮಂತ್ರಿಗಳ ಕಾರು ಬರುತ್ತದೆ, ಆನೆ ಬರುತ್ತದೆ. ಎಲ್ಲವೂ ನಿಲ್ಲುತ್ತವೆ. ಅಂಬಾರಿ ಹೊರಟ ಮಾರನೇ ಬೆಳಿಗ್ಗೆ ನಾವು ಅದೇ ರಸ್ತೆಯಲ್ಲಿ ಕೈ ಎತ್ತಿಕೊಂಡು ನಿಂತಿರುತ್ತೇವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಕಾಸಿಲ್ಲದೆ ಪ್ರಯಾಣ. ನಮ್ಮವ್ವನ ಮಡಿಲಿನಲ್ಲಿ ತಿಂಗಳ ಕೊನೆಗೂ ನಾಲ್ಕು ಕಾಸು ಉಳಿಯಿತು. ತಂಗಿಯ ಮನೆಗೆ ಯಾರನ್ನೂ ಕೇಳದೆ ಹೋಗಿಬಂದಳು. ಗಂಡನ ಹತ್ತಿರ ಚಾರ್ಜಿಗೆ ಕೈಯೊಡ್ಡಿದವರಿಗೆ ಮಾತ್ರ ಇದರ ಬೆಲೆ ಗೊತ್ತು.

ಹೆಂಗಸರು ಬಸ್ಸು ತುಂಬಿದರು. ಬಸ್ಸು ಅಷ್ಟೇ ಇದ್ದವು. ನಾಗಮಂಗಲ, ಪಾಂಡವಪುರದ ಕಡೆಯಿಂದ ಬರುವಷ್ಟರಲ್ಲೇ ಫುಟ್‌ಬೋರ್ಡು ತುಂಬಿರುತ್ತದೆ. ಡ್ರೈವರನನ್ನು ಒಬ್ಬನನ್ನೇ ಬೈಯುವುದೂ ಸರಿಯಲ್ಲ. ಅವನಿಗೆ ಇಷ್ಟು ಹೊತ್ತಿಗೆ ಮೈಸೂರು ಮುಟ್ಟಬೇಕು ಅಂತ ಲೆಕ್ಕವಿದೆ, ಬಾಗಿಲಲ್ಲಿ ನೇತಾಡೋರ ಪ್ರಾಣವೂ ಅವನ ತಲೆ ಮೇಲೆಯೇ. ಅವನೂ ನಮ್ಮಂತೆ ದುಡಿದು ತಿನ್ನೋನೇ.

ಆದರೆ ಒಂದು ದಿನ ನಡೆದದ್ದನ್ನು ಹೇಳಲೇಬೇಕು. ಅವ್ವನಿಗೆ ಹೇಗೋ ಸೀಟು ಸಿಕ್ಕಿತ್ತು. ಪಂಚೆಯ ಒಬ್ಬ ದೊಡ್ಡ ಮನುಷ್ಯ, "ಕಾಸು ಕೊಟ್ಟ ನಾವು ನಿಂತಿದ್ದೀವಿ, ಪುಕ್ಕಟೆ ಬರೋರು ಕೂತವರೆ" ಅಂದ. ಅವ್ವನ ಮುಖ ನೋಡಿ ಅಂದ. ಪಕ್ಕದ ಸೀಟಿನಲ್ಲಿ ಬೇರೆ ಹೆಂಗಸರೂ ಇದ್ದರು, ಕೊರಳ ತುಂಬ ಚಿನ್ನ ಇದ್ದವರು. ಅವರ ಮುಖ ನೋಡಲಿಲ್ಲ. ಅವ್ವ ಎದ್ದು ನಿಂತಳು. ಅವನು ಕೂತ. ಕಂಡಕ್ಟರು ಕಿಟಕಿ ಕಡೆ ತಿರುಗಿಕೊಂಡ. ತಾತ ಹಿಡಿದ ಕಂಬಿಯನ್ನೇ ಅವ್ವ ಹಿಡಿದುಕೊಂಡಳು.

ನಾವೂ ಆ ಬಸ್ಸಿನಲ್ಲಿದ್ದೆವು. ಸುಮ್ಮನಿದ್ದೆವು. ನಾಚಿಕೆಯ ಮಾತು ಇನ್ನೂ ಒಂದಿದೆ. 2025ರ ಜನವರಿ 5ರಿಂದ ದರ ಶೇಕಡ 15 ಏರಿದಾಗ ಕೇರಿಯ ಜಗಲಿಯಲ್ಲಿ ಕೂತು ನಾವು ಗಂಡಸರೂ ಅದನ್ನೇ ಅಂದಿದ್ದೆವು, "ಇವರ ಫ್ರೀ ಬಸ್ಸಿಗೆ ನಮ್ಮ ಜೇಬು." ಆ ಪಂಚೆಯವನ ಬಾಯಿಗೆ ಮಾತು ಕೊಟ್ಟವರಲ್ಲಿ ನಾವೂ ಇದ್ದೆವು.

ಅಮೆರಿಕದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಹೆಂಗಸಿಗೆ ಬಿಳಿಯನಿಗಾಗಿ ಸೀಟು ಬಿಡು ಅಂದರು. ಆಕೆ ಹೊಲಿಗೆ ಕೆಲಸದವಳು, ಟಿಕೇಟಿಗೆ ಕಾಸು ಕೊಟ್ಟವಳು. ಏಳಲಿಲ್ಲ. ಅವಳನ್ನು ಹಿಡಿದುಕೊಂಡು ಹೋದರು. ಆಮೇಲೆ ಅಲ್ಲಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಗೆದ್ದರು.

ನಮ್ಮವ್ವನ ಕೈಯಲ್ಲೂ ಟಿಕೇಟಿತ್ತು. ಶೂನ್ಯ ಟಿಕೇಟು. ಶೂನ್ಯ ಅಂದರೆ ಪುಕ್ಕಟೆಯಲ್ಲ. ಹರಿದುಕೊಟ್ಟ ಒಂದೊಂದು ಟಿಕೇಟಿನ ಲೆಕ್ಕ ಸರ್ಕಾರಕ್ಕೆ ಹೋಗುತ್ತದೆ, ಕಾಸು ಬೊಕ್ಕಸದಿಂದ ಬರುತ್ತದೆ. ಬೊಕ್ಕಸಕ್ಕೆ ಸೋಪು, ಬೆಂಕಿಪೊಟ್ಟಣ ಕೊಂಡವರೆಲ್ಲ ತುಂಬಿದ್ದಾರೆ. ಅವ್ವನೂ ತುಂಬಿದ್ದಾಳೆ. ಯಾರ ಧರ್ಮಕ್ಕೂ ಅವಳು ಕೂತಿರಲಿಲ್ಲ.

ಮೊನ್ನೆ ಒಂದು ಅರ್ಜಿ ಬರೆದೆವು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಎಲ್ಲ ಸಾಮಾನ್ಯ ಬಸ್ಸೂ ಇಲ್ಲಿ ನಿಲ್ಲಬೇಕು. ಶಾಲೆ, ಕೂಲಿ ಹೊತ್ತಿಗೆ ಎರಡು ಬಸ್ಸು ಇಲ್ಲಿಂದಲೇ ಹೊರಡಬೇಕು. ರಾತ್ರಿ ಗಾರ್ಮೆಂಟಿನ ಹುಡುಗಿಯರು ಇಳಿಯುವ ಜಾಗದಲ್ಲಿ ಒಂದು ದೀಪ ಇರಬೇಕು. ಟಿಕೇಟು ಇದ್ದವರನ್ನು ಯಾರೂ ಎಬ್ಬಿಸಕೂಡದು ಅಂತ ಕೊನೆಗೆ ಸೇರಿಸಿದೆವು. ಅರ್ಜಿ ತಗೊಂಡವರು ಆ ಕೊನೆ ಸಾಲು ನೋಡಿ, "ಇದೇನ್ರಿ, ಇದು ನಮಗೆ ಬರಲ್ಲ" ಅಂದರು. ಇರಲಿ ಬಿಡಿ ಸ್ವಾಮಿ, ಬರೆದಿರಲಿ ಅಂದೆವು. ಅದಕ್ಕೆ ಕೇರಿಯ ಹೆಂಗಸರೇ ಮೊದಲು ಸಹಿ ಹಾಕಿದ್ದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದರು.

ಆ ರಾತ್ರಿ ಅವ್ವನಿಗೆ ತಾತನ ಕತೆ ಮತ್ತೆ ಹೇಳಿದೆವು. ಮಾಂಟ್‌ಗೊಮರಿಯ ಹೆಂಗಸಿನ ಕತೆಯನ್ನೂ ಹೇಳಿದೆವು. ನಾವು ಸುಮ್ಮನಿದ್ದದ್ದು ತಪ್ಪಾಯಿತು ಅಂತಲೂ ಹೇಳಿದೆವು. ಒಲೆ ಮುಂದೆ ಹಿಟ್ಟು ತೊಳಸುತ್ತಿದ್ದ ಅವ್ವ ತಿರುಗಿ ನೋಡಲಿಲ್ಲ.

"ಇನ್ಮೇಕೆ ಏಳಾಕಿಲ್ಲ ಬುಡ್ರಪ್ಪ," ಅಂದಳು. "ಮೊದ್ಲು ಬಸ್ಸು ನಿಲ್ಲಂಗೆ ಮಾಡಿ."